ಮೂಲಪ್ರತಿ ಎಲ್ಲಿದೆ?

ಹಳಗನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸುವುದರಲ್ಲಿಯೇ ನನ್ನ ಅಧ್ಯಾಪಕ ಜೀವನದ ಬಹುಭಾಗ ಕಳೆಯಿತು. ಒಂದೇ ಕಾವ್ಯದ ಎರಡು ಪ್ರತಿಗಳು ಎರಡು ಊರುಗಳಲ್ಲಿ ಬಹುಕಾಲ ಪರಸ್ಪರ ಸಂಪರ್ಕವಿಲ್ಲದೆ ಉಳಿದರೆ ಅವು ಬೇರೆಬೇರೆಯಾಗಿಬಿಡುತ್ತವೆ. ಒಂದರಲ್ಲಿ ಪದ್ಯವೊಂದು ಬಿಟ್ಟುಹೋಗಿರುತ್ತದೆ. ಇನ್ನೊಂದರಲ್ಲಿ ಯಾರೋ ಪಂಡಿತರು ಕೈಯಾಡಿಸಿರುತ್ತಾರೆ. ಆಗ ಸಂಪಾದಕನಾದವನು, ಇವುಗಳಲ್ಲಿ ಯಾವುದನ್ನು ನಂಬಲಿ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಈ ಪ್ರಶ್ನೆ ಓಲೆಗರಿಗಳ ಕಾಲದೊಡನೆಯೇ ಮುಗಿಯಿತೆಂದು ನಾನು ತಿಳಿದಿದ್ದೆ. ಅದು ಇ-ಮೇಲಿನ ರೂಪದಲ್ಲಿ ನನ್ನ ಮನೆಗೇ ಬಂದು ಕುಳಿತಿತ್ತೆಂಬುದು ತಡವಾಗಿ ತಿಳಿಯಿತು.

2002ರಿಂದ 2010ರವರೆಗೆ ನಾನೂ ಧಾರವಾಡದಲ್ಲಿದ್ದ ನನ್ನ ಸಹಪಾಠಿಯೊಬ್ಬರೂ ಇ-ಮೇಲಿನ ಮೂಲಕ ಪತ್ರವ್ಯವಹಾರ ನಡೆಸಿದೆವು. ಕನ್ನಡ ಅಕ್ಷರಗಳು ಒಬ್ಬರ ಯಂತ್ರದಿಂದ ಇನ್ನೊಬ್ಬರ ಯಂತ್ರಕ್ಕೆ ಸರಿಯಾಗಿ ತಲುಪುತ್ತಿರಲಿಲ್ಲವಾದ್ದರಿಂದ ಕನ್ನಡವನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಿದ್ದೆವು. ಚರ್ಚೆಯೆಲ್ಲ ಪಾಠಾಂತರಗಳದ್ದೇ. ಕೆಲವು ಪತ್ರಗಳನ್ನು ಕಾಲೇಜಿನ ಕಂಪ್ಯೂಟರಿನಲ್ಲಿ ಓದುತ್ತಿದ್ದೆ, ಕೆಲವನ್ನು ಮನೆಯದರಲ್ಲಿ. ಅಲ್ಲಿ ತೆರೆದದ್ದು ಇಲ್ಲಿ ಕಾಣಿಸುತ್ತಿರಲಿಲ್ಲ. ಅದೇಕೆಂದು ವಿಚಾರಿಸುವ ವ್ಯವಧಾನ ನನಗಿರಲಿಲ್ಲ. ಕೆಲಕಾಲದ ಮೇಲೆ ಕಾಲೇಜಿನ ಯಂತ್ರ ಹಳತಾಯಿತೆಂದು ವಿಲೇವಾರಿಯಾಯಿತು. 2011ರಲ್ಲಿ ಮಿತ್ರರು ತೀರಿಕೊಂಡರು. ಅವರ ಯಂತ್ರವೂ ಅದಕ್ಕೆ ಮೊದಲೇ ಕೆಟ್ಟುಹೋಗಿತ್ತು. ಅವರ ಮಗಳು ಈ ಪತ್ರಗಳನ್ನು ಒಟ್ಟುಗೂಡಿಸಬೇಕೆಂದು ಬಂದಾಗ ನಾನು ಕೊಡಲು ಸಾಧ್ಯವಾದದ್ದು ಅರ್ಧದಷ್ಟು ಮಾತ್ರ. ಪ್ರಶ್ನೆ ಇರುವೆಡೆ ಉತ್ತರವಿಲ್ಲ. ಉತ್ತರ ಇರುವೆಡೆ ಪ್ರಶ್ನೆಯಿಲ್ಲ. ಹೀಗೇಕಾಯಿತೆಂದು ತಿಳಿಯಲು ಹೊರಟವನಿಗೆ ಒಂದು ಸ್ವಾರಸ್ಯವಾದ ಚರಿತ್ರೆಯೇ ದೊರಕಿತು.

1971ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಡ್ಜ್‌ನಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಪತ್ರ ಕಳಿಸಿದರು. ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಇಂದು ನಾವು ಬರೆಯುವ ‘ಆಟ್’ ಚಿಹ್ನೆಯನ್ನು ಆರಿಸಿದವರೂ ಅವರೇ. ಆ ಕಾಲದಲ್ಲಿ ಒಂದೊಂದು ಸಂಸ್ಥೆಗೆ ಒಂದು ದೊಡ್ಡ ಯಂತ್ರ. ಎಲ್ಲರೂ ಅದಕ್ಕೇ ತಂತಿಯಿಂದ ಜೋಡಿಸಿದ ಪರದೆಗಳ ಮುಂದೆ ಕುಳಿತು ಓದಬೇಕು. ಮಠದಲ್ಲಿ ಒಂದೇ ಓಲೆಪ್ರತಿಯಿದ್ದು, ಓದಬೇಕಾದವರೆಲ್ಲ ಅಲ್ಲಿಗೇ ಹೋದಂತೆ. ಹಾಗಿದ್ದಾಗ ಪಾಠಾಂತರದ ಪ್ರಶ್ನೆ ಹುಟ್ಟುವುದಿಲ್ಲ.

ಮುಂದೆ ಸಣ್ಣ ಕಂಪ್ಯೂಟರುಗಳು ಮನೆಮನೆಗೆ, ಮೇಜುಮೇಜಿಗೆ ಬಂದವು. ಇವು ಹಗಲಿರುಳೂ ಎಚ್ಚರವಾಗಿರುವ ಯಂತ್ರಗಳಲ್ಲ. ಆದುದರಿಂದ ಪತ್ರಗಳು ದೊಡ್ಡ ಯಂತ್ರದಲ್ಲಿ ಬಂದು ಕಾದಿರಬೇಕು, ಸಣ್ಣ ಯಂತ್ರ ಬೇಕಾದಾಗ ಹೋಗಿ ತರಬೇಕು. ಇದಕ್ಕಾಗಿ 1984ರಲ್ಲಿ ಪ್ರಕಟವಾದ ನಿಯಮಾವಳಿಗೆ ‘ಪೋಸ್ಟ್ ಆಫೀಸ್ ಪ್ರೋಟೊಕಾಲ್’ ಎಂದು ಹೆಸರು, ಚಿಕ್ಕದಾಗಿ ‘ಪಾಪ್’. ಅದರ ಮೂರನೆಯ ರೂಪ 1988ರಲ್ಲಿ ಬಂದಿತು. ಹೆಸರಿಗೆ ತಕ್ಕಂತೆಯೇ ಅದರ ನಡತೆ. ಅಂಚೆಮನೆಗೆ ಹೋಗಿ, ಬಂದ ಕಾಗದಗಳನ್ನೆಲ್ಲ ಎತ್ತಿಕೊಂಡು, ಪೆಟ್ಟಿಗೆಯನ್ನು ಬರಿದು ಮಾಡಿ ಮನೆಗೆ ಮರಳುವುದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಒದಗಿಸಿದಾಗ ಟೆಲಿಫೋನ್ ತಂತಿಯೇ ದಾರಿ, ಗಳಿಗೆ ಗಳಿಗೆಗೂ ಖರ್ಚು. ಬೇಗ ಎತ್ತಿಕೊಂಡು ಸಂಪರ್ಕ ಕಡಿದುಕೊಳ್ಳುವ ಪಾಪ್ ಪದ್ಧತಿ ಅಂಥ ಕಾಲಕ್ಕೆ ಹೇಳಿ ಮಾಡಿಸಿದಂತಿತ್ತು. ಅಂಚೆಮನೆಯಲ್ಲಿಯೂ ಒಂದು ಪ್ರತಿ ಇರಲಿ ಎಂದು ಹೇಳಿಡುವ ಅವಕಾಶವೇನೋ ಇತ್ತು. ಆದರೆ ಯಾವುದನ್ನು ಓದಿಯಾಯಿತು, ಯಾವುದಕ್ಕೆ ಉತ್ತರ ಹೋಯಿತು ಎಂಬುದು ಒಂದು ಯಂತ್ರದಿಂದ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ನಾನಂತೂ ಹಾಗೆ ಹೇಳಿಟ್ಟಿರಲೇ ಇಲ್ಲ. ನನ್ನ ಪತ್ರಗಳು ಎರಡು ಮನೆಯ ಪಾಲಾದದ್ದು ಹೀಗೆ.

ಇದಕ್ಕೆ ಪರಿಹಾರ ಬಹಳ ಹಿಂದೆಯೇ ಸಿದ್ಧವಾಗಿತ್ತು. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಎಂಬವರು ‘ಐಮ್ಯಾಪ್’ ಎಂಬ ಬೇರೊಂದು ಪದ್ಧತಿಯನ್ನು ರೂಪಿಸಿದರು. ಮೊದಮೊದಲು ಅದರ ಹೆಸರಿನಲ್ಲಿಯೇ ‘ತಾತ್ಕಾಲಿಕ’ ಎಂಬರ್ಥದ ಮಾತಿತ್ತು. ಹೆಸರು ಬದಲಾಯಿತು, ಪದ್ಧತಿ ಮಾತ್ರ ಶಾಶ್ವತವಾಯಿತು. ಇದರಲ್ಲಿ ಪತ್ರ ಅಂಚೆಮನೆಯನ್ನು ಬಿಟ್ಟು ಕದಲುವುದಿಲ್ಲ. ‘ಓದಿದೆ’, ‘ಉತ್ತರಿಸಿದೆ’ ಎಂಬ ಗುರುತುಗಳೂ ಪತ್ರದೊಡನೆ ಅಲ್ಲಿಯೇ ಇರುತ್ತವೆ. ನಮ್ಮ ಯಂತ್ರಗಳು ಅದನ್ನು ನೋಡುವ ಕಿಟಕಿಗಳು ಮಾತ್ರ. ಅದೇ ವರ್ಷ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಕ್ಲಾರ್ಕ್ ಮತ್ತು ಲ್ಯಾಂಬರ್ಟ್ ಎಂಬವರು ‘ಪಿಸಿಮೇಲ್’ ಎಂಬ ವ್ಯವಸ್ಥೆಯನ್ನು ವಿವರಿಸಿದರು. ಪತ್ರಗಳ ಭಂಡಾರ ಒಂದೆಡೆ ಇರಲಿ, ಮನೆಯ ಯಂತ್ರದಲ್ಲಿಯೂ ಅದರ ಪ್ರತಿ ಇರಲಿ. ಸಂಪರ್ಕವಿಲ್ಲದಾಗ ಆದ ಬದಲಾವಣೆಗಳನ್ನು ಮತ್ತೆ ಕೂಡಿದಾಗ ಪರಸ್ಪರ ತಿಳಿಸಿ ಸರಿಹೊಂದಿಸಲಿ ಎಂಬುದು ಅವರ ಆಲೋಚನೆ.

1994ರ ಡಿಸೆಂಬರಿನಲ್ಲಿ ಪ್ರಕಟವಾದ ಐಮ್ಯಾಪಿನ ನಾಲ್ಕನೆಯ ರೂಪದಲ್ಲಿ ಈ ಎರಡೂ ಧಾರೆಗಳು ಕೂಡಿದವು. ಹಸ್ತಪ್ರತಿ ಭಂಡಾರದಲ್ಲಿ ಕೆಲಸ ಮಾಡಿದವರಿಗೆ ಅದರ ಒಂದು ಏರ್ಪಾಡು ಕೂಡಲೇ ಮನಸ್ಸಿಗೆ ಬರುತ್ತದೆ. ಪೆಟ್ಟಿಗೆಗೆ ಬಂದ ಪ್ರತಿ ಪತ್ರಕ್ಕೂ ಏರುವ ಕ್ರಮದಲ್ಲಿ ಒಂದು ಸಂಖ್ಯೆ. ಪತ್ರ ನಾಶವಾದರೂ ಆ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡಕೂಡದು. ಇಡೀ ಕ್ರಮವೇ ಕೆಟ್ಟು ಹೊಸದಾಗಿ ಸಂಖ್ಯೆ ಹಾಕಬೇಕಾದರೆ, ಹಾಗೆಂದು ಸೂಚಿಸುವ ಇನ್ನೊಂದು ಸಂಖ್ಯೆ ಬದಲಾಗುತ್ತದೆ. ಆಗ ಮನೆಯ ಯಂತ್ರ ತನ್ನ ಹಳೆಯ ಪ್ರತಿಯನ್ನು ಬಿಟ್ಟು ಎಲ್ಲವನ್ನೂ ಹೊಸದಾಗಿ ತರಿಸಿಕೊಳ್ಳುತ್ತದೆ. ಮಾತೃಪ್ರತಿ ಯಾವುದೆಂಬ ವಿಷಯದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ.

ಪತ್ರವನ್ನು ಅಂಚೆಮನೆಯಲ್ಲಿಯೇ ಬಿಟ್ಟು ನೋಡುವ ಅಭ್ಯಾಸವನ್ನು ಜನಸಾಮಾನ್ಯರಿಗೆ ಕಲಿಸಿದವರಲ್ಲಿ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರೂ ಒಬ್ಬರು. ಅವರು ಜ್ಯಾಕ್ ಸ್ಮಿತ್ ಅವರೊಡಗೂಡಿ 1996ರ ಜುಲೈ 4ರಂದು ಆರಂಭಿಸಿದ ಹಾಟ್‌ಮೇಲನ್ನು ಯಾವ ಊರಿನ ಯಾವ ಯಂತ್ರದಿಂದಲಾದರೂ ಓದಬಹುದಾಗಿತ್ತು. 2007ರಲ್ಲಿ ಜಿಮೇಲಿಗೂ ಐಮ್ಯಾಪ್ ಬಂದಿತು. ಕ್ರಿಸ್ಪಿನ್ 2012ರ ಡಿಸೆಂಬರಿನಲ್ಲಿ ನಿಧನರಾದರು.

ಇಷ್ಟನ್ನು ತಿಳಿದ ಮೇಲೆ ಉಳಿದ ಪತ್ರಗಳನ್ನು ಐಮ್ಯಾಪ್ ಪೆಟ್ಟಿಗೆಗೆ ಸೇರಿಸಿ ನಿಶ್ಚಿಂತನಾದೆ. ಎರಡು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾಗ, ಜಾಗ ಸಾಲದೆಂದು ಮೊಬೈಲಿನಲ್ಲಿ ಆ ಪತ್ರಗಳ ಕಟ್ಟನ್ನು ಅಳಿಸಿದೆ. ಕಸದ ಬುಟ್ಟಿಯನ್ನೂ ಬರಿದು ಮಾಡಿದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಹೇಗೂ ಇದೆಯಲ್ಲ ಎಂಬುದು ನನ್ನ ಎಣಿಕೆ. ಸಂಗತಿ ತಿಳಿದು ಮಗಳು ಗಾಬರಿಯಾದಳು. “ಅಪ್ಪಾ, ಊರಿಗೆ ಹೋದಮೇಲೆ ಮೊದಲು ವೈಫೈ ಆರಿಸಿ, ಆಮೇಲೆ ಲ್ಯಾಪ್‌ಟಾಪ್ ತೆಗೆಯಿರಿ” ಎಂದಳು. ಹಾಗೆಯೇ ಮಾಡಿದೆ. ನಾಲ್ಕು ವಾರ ಮುಚ್ಚಿಟ್ಟಿದ್ದ ಆ ಯಂತ್ರಕ್ಕೆ ನನ್ನ ಅಪರಾಧದ ಸುದ್ದಿ ಇನ್ನೂ ತಲುಪಿರಲಿಲ್ಲ. ಪತ್ರಗಳು ಇದ್ದವು.

ಎಲ್ಲ ಯಂತ್ರಗಳೂ ಒಂದೇ ಮಾತನ್ನಾಡಿದರೆ ನಾವು ಕ್ಷೇಮವೆಂದು ತಿಳಿಯುತ್ತೇವೆ. ಆದರೆ ಏಕರೂಪತೆ ಬೇರೆ, ಸಂರಕ್ಷಣೆ ಬೇರೆ. ಪತ್ರ ಎಲ್ಲೆಡೆಗೂ ಹೋಗುವಂತೆ ಅಳಿಸುವಿಕೆಯೂ ಎಲ್ಲೆಡೆಗೂ ಹೋಗುತ್ತದೆ. ಐಮ್ಯಾಪನ್ನು ರೂಪಿಸಿದವರಿಗೆ ಇದರ ಅರಿವಿತ್ತೆಂದು ತೋರುತ್ತದೆ. ಅವರ ನಿಯಮದಲ್ಲಿ ಪತ್ರಕ್ಕೆ ಮೊದಲು ‘ಅಳಿಸಬೇಕಾದದ್ದು’ ಎಂಬ ಗುರುತು ಬೀಳಬೇಕು. ಅದು ನಿಜವಾಗಿ ಹೋಗಲು ಎರಡನೆಯ ಅಪ್ಪಣೆ ಬೇಕು. ಯೋಚಿಸಲು ಕೊಟ್ಟ ಆ ಬಿಡುವನ್ನು ನಾನು ಅವಸರದಲ್ಲಿ ಕಳೆದುಕೊಂಡಿದ್ದೆ. ನಮ್ಮ ಎಷ್ಟೋ ಕಾವ್ಯಗಳು ಉಳಿದಿರುವುದು, ಎಲ್ಲಿಯೋ ಅಟ್ಟದ ಮೇಲೆ ಯಾರ ಸಂಪರ್ಕವೂ ಇಲ್ಲದೆ ಮಲಗಿದ್ದ ಒಂದು ಪ್ರತಿಯಿಂದ ಎಂಬುದನ್ನು ನಾನಾದರೂ ಮರೆಯಬಾರದಾಗಿತ್ತು.

ಈಗ ಆ ಪತ್ರಗಳನ್ನು ಕಾಗದದ ಮೇಲೆ ಮುದ್ರಿಸಿ ಮಿತ್ರರ ಮಗಳಿಗೆ ಒಂದು ಪ್ರತಿ ಕಳಿಸಿದ್ದೇನೆ. ಉತ್ತರವಿಲ್ಲದ ಪ್ರಶ್ನೆಗಳ ಪಕ್ಕದಲ್ಲಿ, ಸಂಪಾದಕರು ಮಾಡುವಂತೆ, ‘ಲುಪ್ತ’ ಎಂದು ನನ್ನ ಕೈಯಿಂದಲೇ ಬರೆದಿದ್ದೇನೆ.