ಬರ್ಲಿನ್‌ನಲ್ಲಿ ಒಂದು ಹೊತ್ತಿನ ಊಟ: ಬಡಿಸಿದವರು ಯಾರು?

ಬರ್ಲಿನ್‌ಗೆ ಹೊರಟವರು ಮೊದಲು ಚಳಿಯ ಬಗ್ಗೆ ಕೇಳುತ್ತಾರೆ, ಆಮೇಲೆ ಊಟದ ಬಗ್ಗೆ. ಕಂಪನಿ ಕೆಲಸದ ಮೇಲೆ ಕೆಲವು ತಿಂಗಳು ಅಲ್ಲಿದ್ದವಳು ನಾನು. ‘ಕಡಿಮೆ ದುಡ್ಡಿಗೆ ಎಲ್ಲಿ ತಿನ್ನಬಹುದು, ಒಂದು ದಿನ ಕೈಬಿಚ್ಚಿ ಖರ್ಚು ಮಾಡುವುದಾದರೆ ಎಲ್ಲಿಗೆ ಹೋಗಬೇಕು?’ ಎಂಬ ಪ್ರಶ್ನೆಗೆ ಹೋಟೆಲುಗಳ ಪಟ್ಟಿ ಕೊಟ್ಟುಬಿಡಬಹುದು. ಆದರೆ ಈ ಊರಿನ ತಟ್ಟೆಯ ಹಿಂದೆ ನೂರೈವತ್ತು ವರ್ಷಗಳ ಕಥೆಯಿದೆ. ಅದರಲ್ಲಿ ಹೆಂಗಸರ ಪಾಲು ದೊಡ್ಡದು. ನಮ್ಮ ಮಹಿಳಾ ವೇದಿಕೆಯ ಓದುಗರಿಗೆ ಅದನ್ನು ಹೇಳಬೇಕೆನಿಸಿತು.

1866. ಪ್ರಷ್ಯ ದೇಶ ಆಸ್ಟ್ರಿಯದ ಮೇಲೆ ಯುದ್ಧಕ್ಕೆ ಹೋಗಿತ್ತು. ಬರ್ಲಿನ್‌ನಲ್ಲಿ ಧಾನ್ಯದ ಬೆಲೆ ಏರಿ, ಕೂಲಿ ಕುಟುಂಬಗಳ ಒಲೆ ಆರುವ ಹಾಗಾಯಿತು. ಆಗ ಮುಂದೆ ಬಂದವರು ಬ್ರೆಸ್ಲೌ ಊರಿನ ಯಹೂದಿ ಮನೆತನದಲ್ಲಿ 1830ರಲ್ಲಿ ಹುಟ್ಟಿದ ಲೀನಾ ಮೋರ್ಗೆನ್‌ಸ್ಟರ್ನ್. ದಾನದ ಗಂಜಿ ಹಂಚುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಸಾಮಾನನ್ನು ಸಗಟಿನಲ್ಲಿ ಕೊಂಡು, ದೊಡ್ಡ ಪಾತ್ರೆಗಳಲ್ಲಿ ಬೇಯಿಸಿ, ಲಾಭವಿಲ್ಲದೆ ಅಸಲು ಬೆಲೆಗೆ ಮಾರುವ ‘ಫೋಲ್ಕ್ಸ್‌ಕ್ಯೂಷೆ’, ಅಂದರೆ ಜನರ ಅಡುಗೆಮನೆಗಳನ್ನು ತೆರೆದರು. ಉಂಡವರು ಎಷ್ಟೇ ಬಡವರಾದರೂ ತಮ್ಮ ದುಡ್ಡು ಕೊಟ್ಟು ಉಣ್ಣುತ್ತಿದ್ದರು, ಯಾರ ಮುಂದೆಯೂ ಕೈಚಾಚಬೇಕಿರಲಿಲ್ಲ. ಅನುಕೂಲಸ್ಥ ಮನೆಗಳ ಹೆಂಗಸರು ಸಂಬಳವಿಲ್ಲದೆ ಬಂದು ಮೇಲ್ವಿಚಾರಣೆ ನಡೆಸಿದರು. ಊರಿನವರು ಪ್ರೀತಿಯಿಂದ ಅವರನ್ನು ‘ಸೂಪ್ ಲೀನಾ’ ಎಂದು ಕರೆದರು.

ಅವರ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. 1873ರಲ್ಲಿ ಗೃಹಿಣಿಯರ ಸಂಘ ಕಟ್ಟಿದರು, 1896ರಲ್ಲಿ ಬರ್ಲಿನ್‌ನಲ್ಲಿ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನ ನಡೆಸಲು ದುಡಿದರು. ಮುಂಬಯಿಯ ಸದಸ್ಯರಿಗೆ ಇದನ್ನು ಓದುವಾಗ ಗಿರಣಿ ಕೆಲಸಗಾರರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರು, ಅವರಿಗಾಗಿ 1975ರಲ್ಲಿ ಹುಟ್ಟಿದ ಅನ್ನಪೂರ್ಣ ಮಹಿಳಾ ಮಂಡಳ ನೆನಪಿಗೆ ಬಂದೇ ಬರುತ್ತದೆ.

ಅಗ್ಗದ ಊಟದಲ್ಲಿ ವ್ಯಾಪಾರವೂ ಇದೆ ಎಂದು ತೋರಿಸಿದವರು ಆಶಿಂಗರ್ ಸಹೋದರರು. 1892ರಲ್ಲಿ ಶುರುವಾದ ಅವರ ಬಿಯರ್ ಅಂಗಡಿಗಳಲ್ಲಿ ಗಿರಾಕಿಗಳು ನಿಂತೇ ತಿನ್ನುತ್ತಿದ್ದರು. ಬಟಾಣಿ ಸೂಪು ಅಲ್ಲಿ ಹೆಸರುವಾಸಿ. ಜೊತೆಗೆ ಪುಟ್ಟ ಬ್ರೆಡ್ಡು ಪುಕ್ಕಟೆ. ಜೇಬು ಖಾಲಿಯಿದ್ದ ವಿದ್ಯಾರ್ಥಿಗಳು, ಕಲಾವಿದರು ಒಂದು ಬಟ್ಟಲು ಸೂಪಿನಲ್ಲಿ ಹೊಟ್ಟೆ ತುಂಬಿಸಿಕೊಂಡರು. ಮಧ್ಯಮ ವರ್ಗಕ್ಕೆ ಕೆಂಪಿನ್‌ಸ್ಕಿ ಇತ್ತು. 1889ರಿಂದ ಲೈಪ್‌ಸಿಗರ್ ಬೀದಿಯಲ್ಲಿದ್ದ ಆ ಹೋಟೆಲು ಅರ್ಧ ಬೆಲೆಗೆ ಅರ್ಧ ಪ್ಲೇಟು ಕೊಡುತ್ತಿತ್ತು. ಹೀಗಾಗಿ ಗುಮಾಸ್ತನ ಸಂಸಾರವೂ ಬಿಳಿ ಮೇಜುಬಟ್ಟೆಯ ಮುಂದೆ ಕೂರಬಹುದಾಯಿತು. ಸಿರಿವಂತರು, ಮಂತ್ರಿಗಳು 1904ರಲ್ಲಿ ಆರಂಭವಾದ ಹೋರ್ಷರ್‌ಗೆ ಹೋಗುತ್ತಿದ್ದರು.

ನಾಜಿಗಳ ಕಾಲದಲ್ಲಿ ಈ ಮೂರೂ ಹೆಸರುಗಳ ದಾರಿ ಬೇರೆಯಾಯಿತು. ಕೆಂಪಿನ್‌ಸ್ಕಿ ಯಹೂದಿ ಮನೆತನದ್ದು. ಯಹೂದಿಗಳ ಆಸ್ತಿಯನ್ನು ಕಿತ್ತು ‘ಆರ್ಯ’ರ ಕೈಗೆ ಕೊಡುವ ನೀತಿಯಡಿ 1937ರಲ್ಲಿ ಅದು ಆಶಿಂಗರ್ ಕಂಪನಿಯ ಪಾಲಾಯಿತು. ಮನೆತನದವರಲ್ಲಿ ಕೆಲವರು ದೇಶಬಿಟ್ಟು ಹೋದರು, ಕೆಲವರು ಕೊಲೆಯಾದರು. ನಾಜಿ ನಾಯಕರಿಗೆ ಬಡಿಸುತ್ತಿದ್ದ ಹೋರ್ಷರ್ 1943ರಲ್ಲಿ ಮ್ಯಾಡ್ರಿಡ್‌ಗೆ ಸ್ಥಳಾಂತರವಾಯಿತು. ಬರ್ಲಿನ್‌ನ ಹಳೆಯ ಹೋಟೆಲುಗಳ ಸೊಗಸನ್ನು ಹೊಗಳುವಾಗ ಇದನ್ನು ಬಿಟ್ಟು ಹೇಳಿದರೆ ಅದು ಅರ್ಧ ಕಥೆ. ಬಡಿಸಿದವರ ಹೆಸರನ್ನು ಬೋರ್ಡಿನಿಂದ ಅಳಿಸುವುದು ಎಷ್ಟು ಸುಲಭ ಎಂಬುದಕ್ಕೆ ಇದೇ ಸಾಕ್ಷಿ.

ಯುದ್ಧ ಮುಗಿದಾಗ ಊರು ಇಟ್ಟಿಗೆಯ ರಾಶಿಯಾಗಿತ್ತು. ಷಾರ್ಲೊಟೆನ್‌ಬುರ್ಗ್ ಬಡಾವಣೆಯ ಕಾಂಟ್ ಬೀದಿಯಲ್ಲಿ ಹೆರ್ಟಾ ಹೋಯ್ವರ್ ಎಂಬಾಕೆ ಪುಟ್ಟ ತಿಂಡಿ ಅಂಗಡಿ ನಡೆಸುತ್ತಿದ್ದರು. 1949ರ ಸೆಪ್ಟೆಂಬರ್ 4ರಂದು ಅವರು ಹುರಿದ ಸಾಸೇಜಿನ ಮೇಲೆ ಟೊಮೆಟೊ ಮತ್ತು ಕರಿ ಪುಡಿಯ ಸಾಸು ಸುರಿದು ಕೊಟ್ಟರಂತೆ. ಅದೇ ‘ಕರಿವುರ್ಸ್ಟ್’. ಹ್ಯಾಂಬುರ್ಗ್‌ನವರು ಇದು ತಮ್ಮದೆಂದು ವಾದಿಸುವುದುಂಟು. ಆದರೂ ಹೆರ್ಟಾ ತಮ್ಮ ಸಾಸಿಗೆ ‘ಚಿಲ್ಲಪ್’ ಎಂದು ಹೆಸರಿಟ್ಟು ನೋಂದಾಯಿಸಿದ್ದು ನಿಜ, ಅವರ ನೆನಪಿನ ಫಲಕ ಇಂದಿಗೂ ಆ ಬೀದಿಯಲ್ಲಿದೆ. ನಮ್ಮ ಕಡೆಯ ಸಾರಿನ ಪುಡಿಗೂ ಆ ಕರಿ ಪುಡಿಗೂ ಬಲು ದೂರದ ನೆಂಟಸ್ತಿಕೆ. ಬ್ರಿಟಿಷರು ಡಬ್ಬಿಗೆ ತುಂಬಿ ಪ್ರಪಂಚಕ್ಕೆ ಮಾರಿದ ಪುಡಿ ಅದು. ಪೂರ್ವ ಬರ್ಲಿನ್‌ನಲ್ಲಿ ಕರಿವುರ್ಸ್ಟ್ ತಂದದ್ದು 1930ರಷ್ಟು ಹಳೆಯದಾದ ಕೊನ್ನೊಪ್ಕೆ ಅಂಗಡಿ. ಮೇಲ್ಸೇತುವೆ ರೈಲಿನ ಕೆಳಗಿರುವ ಆ ಅಂಗಡಿಯನ್ನು 1976ರಿಂದ ನಡೆಸಿದ್ದು ಮಾಲೀಕರ ಮಗಳು.

1961ರಲ್ಲಿ ಪಶ್ಚಿಮ ಜರ್ಮನಿ ಟರ್ಕಿಯೊಡನೆ ಕೆಲಸಗಾರರ ಒಪ್ಪಂದ ಮಾಡಿಕೊಂಡಿತು. ಬಂದವರಲ್ಲಿ ಒಂಟಿಯಾಗಿ ಬಂದು ಬರ್ಲಿನ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರೂ ಅನೇಕರು. ಇವರನ್ನು ‘ಅತಿಥಿ ಕೆಲಸಗಾರರು’ ಎಂದು ಕರೆದರು. ಅತಿಥಿ ಎಂದರೆ ಒಂದು ದಿನ ಹೊರಡಬೇಕಾದವರು! 1973ರಲ್ಲಿ ಹೊಸಬರ ನೇಮಕ ನಿಂತಿತು, ಬಂದವರು ಬಹಳಷ್ಟು ಮಂದಿ ಉಳಿದರು. ಆ ವರ್ಷಗಳಲ್ಲೇ ಮಾಂಸವನ್ನು ರೊಟ್ಟಿಯೊಳಗಿಟ್ಟು ಕೈಗೆ ಕೊಡುವ ಡ್ಯೋನರ್ ಊರೆಲ್ಲ ಹಬ್ಬಿತು. ಮೊದಲು ಮಾಡಿದವರು ಯಾರೆಂಬ ಜಗಳ ಇನ್ನೂ ಮುಗಿದಿಲ್ಲ. 1972ರಲ್ಲಿ ಝೂ ನಿಲ್ದಾಣದ ಬಳಿ ಮಾರಿದ ಕಾದಿರ್ ನೂರ್ಮನ್ ಹೆಸರು ಹೆಚ್ಚು ಕೇಳಿಬರುತ್ತದೆ. ಪೂರ್ವ ಜರ್ಮನಿಗೆ ಗುತ್ತಿಗೆ ಕೆಲಸಕ್ಕೆ ಬಂದಿದ್ದ ವಿಯೆಟ್ನಾಮಿನವರು ಗೋಡೆ ಬಿದ್ದ ಮೇಲೆ ಕೆಲಸ ಕಳೆದುಕೊಂಡು, ತಿಂಡಿ ಗಾಡಿ ಇಟ್ಟು ಬದುಕಿದರು. ಪ್ರೊಯ್ಸನ್ ಪಾರ್ಕಿನಲ್ಲಿ ಥಾಯ್ ಹೆಂಗಸರು ಚಾಪೆ ಹಾಸಿ ತಮ್ಮವರಿಗಾಗಿ ತಂದ ಬುತ್ತಿಯೇ ಮುಂದೆ ಒಂದು ಬಯಲು ತಿಂಡಿ ಸಂತೆಯಾಯಿತು.

ಈಗ ಪ್ರಯಾಣಕ್ಕೆ ಹೊರಟವರಿಗೆ ಉಪಯೋಗದ ಮಾತು. ಕೈ ಬಿಗಿಯಿದ್ದರೆ ಬೇಕರಿ, ಟರ್ಕಿ ಅಂಗಡಿಗಳ ಫಲಾಫೆಲ್, ಬೇಳೆ ಸೂಪು ಸಾಕು. ವಿಶ್ವವಿದ್ಯಾಲಯಗಳ ‘ಮೆನ್ಸಾ’ ಕ್ಯಾಂಟೀನಿನಲ್ಲಿ ಹೊರಗಿನವರೂ ಉಣ್ಣಬಹುದು, ಆದರೆ ವಿದ್ಯಾರ್ಥಿಗಳಿಗಿಂತ ಹೆಚ್ಚು ಬೆಲೆ. ಮಧ್ಯಮ ಖರ್ಚಿಗೆ, ವಾರದ ದಿನಗಳಲ್ಲಿ ಮಧ್ಯಾಹ್ನದ ‘ಮಿಟಾಗ್ಸ್‌ಟಿಷ್’ ಬೋರ್ಡು ನೋಡಿ, ಅದೇ ಹೋಟೆಲಿನ ರಾತ್ರಿ ಊಟಕ್ಕಿಂತ ಸೋವಿ. ಕ್ರೊಯ್ಸ್‌ಬೆರ್ಗ್‌ನ ‘ಮಾರ್ಕ್ಟ್‌ಹಾಲೆ ನೊಯ್ನ್’ 1891ರ ಮಾರುಕಟ್ಟೆ, ಅಲ್ಲೂ ಬಗೆಬಗೆಯ ತಿಂಡಿ ಸಿಗುತ್ತದೆ. ಧಾರಾಳ ಖರ್ಚಿಗೆ ಸಿದ್ಧವಿರುವ ಸಸ್ಯಾಹಾರಿಗಳಿಗೆ ಮಿಶೆಲಿನ್ ತಾರೆ ಪಡೆದ ಕುಕೀಸ್ ಕ್ರೀಮ್ ಇದೆ.

ಬಟಾಣಿ ಸೂಪಿನಲ್ಲಿ ಹಂದಿಮಾಂಸ ಇರುವುದು ಸಾಮಾನ್ಯ, ಕರಿಯುವ ಎಣ್ಣೆಯೂ ಒಂದೇ ಇರಬಹುದು. ಬಾಯಿಬಿಟ್ಟು ಕೇಳಿ, ಯಾರೂ ಬೇಸರಪಡುವುದಿಲ್ಲ. ಕುಡಿಯುವ ನೀರಿಗೆ ಹೆಚ್ಚಿನ ಕಡೆ ದುಡ್ಡು ಕೊಡಬೇಕು. ಸಣ್ಣ ಅಂಗಡಿಗಳಿಗೆ ಚಿಲ್ಲರೆ ನಗದು ಇಟ್ಟುಕೊಳ್ಳಿ. ಹೋಟೆಲಿನಲ್ಲಿ ಬಿಲ್ಲಿನ ಮೇಲೆ ಶೇಕಡಾ 5ರಿಂದ 10ರಷ್ಟು ಟಿಪ್ಸ್ ಕೊಡುವುದು ರೂಢಿ.

ಊರುಬಿಟ್ಟು ಊರಿಗೆ ಬಂದು, ಒಲೆ ಹಚ್ಚಿ, ಅಲ್ಲಿಯವರ ನಾಲಿಗೆಗೂ ರುಚಿ ಹತ್ತಿಸಿದವರ ಕಥೆ ಹೊರನಾಡ ಕನ್ನಡಿಗರಾದ ನಮಗೆ ಹೊಸದಲ್ಲ. ಮಾಟುಂಗದ ಉಡುಪಿ ಊಟದ ಮನೆಗಳೂ ಇದೇ ಬಗೆಯವು. ಬರ್ಲಿನ್‌ನಲ್ಲಿ ತಟ್ಟೆ ಮುಂದಿಟ್ಟವರಿಗೆ ‘ಡಾಂಕೆ’ ಎಂದು ಒಂದು ಮಾತು ಹೇಳಿ. ಲೀನಾ, ಹೆರ್ಟಾ ಮತ್ತು ಹೆಸರು ಉಳಿಯದ ಎಷ್ಟೋ ಹೆಂಗಸರಿಗೂ ಅದು ಸಲ್ಲುತ್ತದೆ.