ಸದಾರಮೆಯ ಎದುರಿಗೆ ಯಾರು? ಕಂಪನಿ ನಾಟಕಗಳ ಮರುಪ್ರಯೋಗದಲ್ಲಿ ಮುಖ್ಯಪಾತ್ರದ ಪ್ರಶ್ನೆ

ಹಳೆಯ ಕಂಪನಿ ನಾಟಕವೊಂದನ್ನು ಮತ್ತೆ ರಂಗಕ್ಕೆ ತರಬೇಕೆಂದು ತಂಡವೊಂದು ಕೂತಾಗ ಮೊದಲ ಜಗಳ ಹುಟ್ಟುವುದು ಪಾತ್ರ ಹಂಚಿಕೆಯಲ್ಲಿ. ನಾಯಕಿಗೆ ಕಂಠ ಮುಖ್ಯವೋ ಅಭಿನಯ ಮುಖ್ಯವೋ, ಹಾಡಲಾರದ ಒಳ್ಳೆಯ ನಟನಿಗೆ ಮೇಳದವರು ದನಿ ಕೊಡಬಹುದೋ ಬಾರದೋ ಎಂದು ವಾದ ನಡೆಯುತ್ತದೆ. ವಾದಿಸುವ ಎರಡೂ ಪಕ್ಷಗಳು ಮಾತ್ರ ಒಂದು ಸಂಗತಿಯನ್ನು ಕೇಳದೆಯೇ ಒಪ್ಪಿಕೊಂಡಿರುತ್ತವೆ: ಮುಖ್ಯಪಾತ್ರ ಯಾವುದೆಂಬುದು ಕಥೆ ಓದಿದರೆ ಗೊತ್ತಾಗುತ್ತದೆ, ರಾಜಕುಮಾರ ನಾಯಕ, ಅವನು ವರಿಸಿದವಳು ನಾಯಕಿ, ಉಳಿದವರು ಉಪಪಾತ್ರಗಳು ಎಂದು. ಈ ಲೇಖನದ ತಕರಾರು ಇರುವುದು ಆ ಒಪ್ಪಿಗೆಯ ಬಗ್ಗೆ. ಅದಕ್ಕೆ ಆಧಾರವಾಗಿ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹೆಸರಿನೊಡನೆ ಬಂದಿರುವ, ಗುಬ್ಬಿ ಕಂಪನಿಯಿಂದ ಮನೆಮಾತಾದ ‘ಸದಾರಮೆ’ಯನ್ನೂ, ಬೆಂಗಳೂರಿನ ಸುತ್ತಿನ ಹಳ್ಳಿಗಳ ‘ಕುರುಕ್ಷೇತ್ರ’ವನ್ನೂ ಎತ್ತಿಕೊಂಡಿದ್ದೇನೆ.

ಎಲ್ಲರೂ ಒಪ್ಪಿರುವ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು. 1884ರಲ್ಲಿ ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘ, ಅಂದರೆ ಗುಬ್ಬಿ ಕಂಪನಿ, ಹುಟ್ಟಿತು. ಕಂಪನಿ ನಾಟಕಗಳ ಅಬ್ಬರವನ್ನು ಆಮೇಲೆ ನಗೆಗೀಡು ಮಾಡಿದ ಕೈಲಾಸಂ ಹುಟ್ಟಿದ್ದೂ ಅದೇ ವರ್ಷ ಎಂಬುದು ಕಾಲದ ಚೇಷ್ಟೆ. ಎ.ವಿ. ವರದಾಚಾರ್ಯರ ಕಾಲಕ್ಕೆ ಹಾಡಲಾರದವನು ನಾಯಕನಾಗುವ ಮಾತೇ ಇರಲಿಲ್ಲ. ಕೈಲಾಸಂ ಮತ್ತು ಶ್ರೀರಂಗರ ಹವ್ಯಾಸಿ ರಂಗಭೂಮಿ ಹಾಡನ್ನು ಆಚೆಗಿಟ್ಟು ಮಾತನ್ನು ಒಳಗೆ ಕರೆದುಕೊಂಡಿತು. ಹುಡುಗನಾಗಿದ್ದಾಗ ಗುಬ್ಬಿ ಕಂಪನಿಯ ಅನ್ನ ಉಂಡಿದ್ದ ಬಿ.ವಿ. ಕಾರಂತರು ಹಾಡನ್ನು ಮತ್ತೆ ಒಳಗೆ ತಂದರು. ಆದರೆ ಅದನ್ನು ನಾಯಕನ ಗಂಟಲಿನಿಂದ ಬಿಡಿಸಿ ಮೇಳದ ಬಾಯಿಗೆ ಹಾಕಿದರು. ಶ್ರೀರಂಗರ ‘ಸತ್ತವರ ನೆರಳು’ ಅವರ ಕೈಯಲ್ಲಿ ದಾಸರ ಪದಗಳ ನಾಟಕವಾದದ್ದು ಹಾಗೆ. 1976ರಲ್ಲಿ ‘ಸ್ಪಂದನ’ ಕಟ್ಟಿದ ಬಿ. ಜಯಶ್ರೀ ಕಂಪನಿಯ ಗಾಯಕ-ನಟ ಪದ್ಧತಿಯನ್ನೂ ಕಾರಂತರ ಮೇಳದ ಪದ್ಧತಿಯನ್ನೂ ಒಂದೇ ಚಪ್ಪರದಡಿ ತಂದರು. ಇಷ್ಟರಲ್ಲಿ ವಿವಾದವಿಲ್ಲ.

ವಿವಾದ ಮೊದಲಾಗುವುದು ಕಳ್ಳನಿಂದ.

‘ಸದಾರಮೆ’ಯ ಕಥೆ ಬಂಗಾರಶೆಟ್ಟಿಯ ಮಗಳದು. ರಾಜಪುತ್ರ ಜಯವೀರ ಅವಳನ್ನು ಮೆಚ್ಚಿ ಮದುವೆಯಾಗುತ್ತಾನೆ. ಮುಂದೆ ಗಂಡನಿಂದ ಬೇರ್ಪಟ್ಟ ಸದಾರಮೆ ಕಳ್ಳನೊಬ್ಬನ ಕೈಗೆ ಸಿಕ್ಕಿ, ಅವನಿಗೇ ಚಳ್ಳೆಹಣ್ಣು ತಿನ್ನಿಸಿ, ಗಂಡುವೇಷದಲ್ಲಿ ಪಾರಾಗಿ, ಕೊನೆಗೆ ಗಂಡನನ್ನು ಸೇರುತ್ತಾಳೆ. ಕಥೆಯ ಲೆಕ್ಕದಲ್ಲಿ ಕಳ್ಳ ದಾರಿಯಲ್ಲಿ ಎದುರಾದ ಒಂದು ವಿಘ್ನ, ಅಷ್ಟೆ. ನೋಡಿದವರ ನೆನಪಿನ ಲೆಕ್ಕವೇ ಬೇರೆ. ಕಂಪನಿಯ ಯಜಮಾನ ಗುಬ್ಬಿ ವೀರಣ್ಣನವರೇ ಕಳ್ಳನಾಗುತ್ತಿದ್ದ ‘ಸದಾರಮೆ’ ಎಂದೊಡನೆ ಹಳಬರು ಹೇಳುತ್ತಿದ್ದುದು ಕಳ್ಳನ ಮಾತು. ಜಯವೀರನ ಪಾತ್ರ ಯಾರು ಮಾಡಿದ್ದರೆಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಿದ್ದರು.

ಇದಕ್ಕೆ ರೂಢಿಯ ವಿವರಣೆ ಸುಲಭವಾದದ್ದು: ವೀರಣ್ಣ ಹುಟ್ಟಾ ಹಾಸ್ಯನಟ, ಪ್ರತಿಭೆ ದೊಡ್ಡದು, ಆದ್ದರಿಂದ ಸಣ್ಣ ಪಾತ್ರವೊಂದು ಅಳತೆ ಮೀರಿ ಬೆಳೆಯಿತು. ಹಾಗೆಂದರೆ ಕಳ್ಳನ ಪ್ರಾಮುಖ್ಯ ನಟನ ಕೊಡುಗೆ, ನಾಟಕದ್ದಲ್ಲ. ಆದ್ದರಿಂದ ವೀರಣ್ಣ ಇಲ್ಲದ ಮರುಪ್ರಯೋಗದಲ್ಲಿ ಅದು ತನ್ನ ಹಳೆಯ ಅಳತೆಗೆ ಮರಳಬೇಕು, ಜಯವೀರ ಮತ್ತೆ ನಾಯಕನಾಗಬೇಕು. ಪಾತ್ರ ಹಂಚುವಾಗ ಒಳ್ಳೆಯ ಕಂಠವನ್ನು ಜಯವೀರನಿಗೂ ಉಳಿದದ್ದನ್ನು ಕಳ್ಳನಿಗೂ ಕೊಡುವ ತಂಡಗಳು, ಬಾಯಿಬಿಟ್ಟು ಹೇಳದಿದ್ದರೂ, ಇದೇ ವಿವರಣೆಯನ್ನು ನಂಬಿವೆ.

ಈ ವಿವರಣೆಯಲ್ಲಿ ಒಂದು ತೊಡಕಿದೆ. ಕಂಪನಿಯ ಯಜಮಾನನಿಗೆ ಪಾತ್ರ ಆರಿಸಿಕೊಳ್ಳುವ ಸ್ವಾತಂತ್ರ್ಯವಿತ್ತು. ರಾಜಪಾರ್ಟು ಯಜಮಾನನ ಹಕ್ಕು ಎಂಬಂತೆ ನಡೆದ ಕಂಪನಿಗಳಿದ್ದವು. ವರದಾಚಾರ್ಯರು ಯಜಮಾನರೂ ಹೌದು, ನಾಯಕನಟರೂ ಹೌದು. ಅಂಥ ಕಾಲದಲ್ಲಿ, ಟಿಕೆಟ್ ಮಾರಿ ಹತ್ತಾರು ಸಂಸಾರಗಳ ಹೊಟ್ಟೆ ತುಂಬಿಸಬೇಕಿದ್ದ ಯಜಮಾನನೊಬ್ಬ ತನ್ನನ್ನು ಕಳ್ಳನ ವೇಷದಲ್ಲಿ ನಿಲ್ಲಿಸಿಕೊಂಡದ್ದು ವಿನಯದಿಂದ ಇರಲಾರದು. ಜನ ಯಾವ ದೃಶ್ಯಕ್ಕೆ ಕಾದು ಕೂರುತ್ತಾರೆಂಬುದು ಗಲ್ಲಾಪೆಟ್ಟಿಗೆಯ ಮುಂದೆ ಕೂತವನಿಗೆ ಗೊತ್ತಿರುವಷ್ಟು ವಿಮರ್ಶಕನಿಗೆ ಗೊತ್ತಿರುವುದಿಲ್ಲ.

ಇದರ ವಿರುದ್ಧ ಹೇಳಬಹುದಾದದ್ದನ್ನೂ ಹೇಳಿಬಿಡುತ್ತೇನೆ. ವೀರಣ್ಣನವರ ಮೈಕಟ್ಟು, ಮಾತಿನ ಓಟ ಹಾಸ್ಯಕ್ಕೇ ಒಗ್ಗಿದ್ದವು. ರಾಜಪುತ್ರನ ವೇಷ ಅವರಿಗೆ ಒಪ್ಪದೆ ಇದ್ದಿರಬಹುದು, ಆಯ್ಕೆ ಎಂದು ನಾನು ಕರೆಯುತ್ತಿರುವುದು ಬೇರೆ ದಾರಿಯಿಲ್ಲದ್ದೇ ಆಗಿದ್ದಿರಬಹುದು. ಹಾಗಾದರೆ ಈ ನಿದರ್ಶನ ವೀರಣ್ಣನವರ ಬಗ್ಗೆ ಹೇಳುತ್ತದೆಯೇ ಹೊರತು ನಾಟಕದ ಬಗ್ಗೆ ಹೇಳುವುದಿಲ್ಲ. ಈ ಆಕ್ಷೇಪ ಗಟ್ಟಿಯಾದದ್ದು. ಯಜಮಾನನ ಆಯ್ಕೆಯೊಂದನ್ನೇ ಹಿಡಿದುಕೊಂಡರೆ ನನ್ನ ವಾದ ನಿಲ್ಲುವುದಿಲ್ಲ.

ಆದ್ದರಿಂದ ಪಾತ್ರದ ಒಳಕಟ್ಟನ್ನೇ ನೋಡಬೇಕು. ಸದಾರಮೆ ಜಾಣೆ ಎಂಬುದು ನಮಗೆ ಕಾಣುವುದು ಎಲ್ಲಿ? ಜಯವೀರನ ಎದುರಿಗಂತೂ ಅಲ್ಲ; ಅಲ್ಲಿ ಅವಳು ಒಲಿದವಳು, ಮಡದಿ. ಅವಳ ಬುದ್ಧಿ ಬಯಲಾಗಬೇಕಾದರೆ ಎದುರಿಗೆ ತಾನೇ ಮಹಾಜಾಣನೆಂದು ಮೆರೆಯುವವನೊಬ್ಬ ಬೇಕು. ಕಳ್ಳ ಪೆದ್ದನಾಗಿ ಕಂಡರೆ ಅವನಿಗೆ ಮೋಸ ಮಾಡಿದ್ದರಲ್ಲಿ ಅವಳ ಹೆಚ್ಚುಗಾರಿಕೆ ಏನೂ ಉಳಿಯುವುದಿಲ್ಲ. ಅವನ ಹಾಡು, ಅವನ ಕುಣಿತ, ಅವನ ಕಾತರ, ಇವೆಲ್ಲ ಎಷ್ಟು ಮೇಲಕ್ಕೇರುತ್ತವೋ ಅವಳ ಮೇಲುಗೈ ಅಷ್ಟೇ ಎತ್ತರಕ್ಕೆ ಏರುತ್ತದೆ. ಹೀಗೆ ನೋಡಿದರೆ ಕಥೆಯ ಜೋಡಿ ಸದಾರಮೆ–ಜಯವೀರ, ರಂಗದ ಜೋಡಿ ಸದಾರಮೆ–ಕಳ್ಳ.

ನನ್ನ ಮುಖ್ಯ ಹೇಳಿಕೆ ಇಷ್ಟು: ಕಂಪನಿ ನಾಟಕದಲ್ಲಿ ಮುಖ್ಯಪಾತ್ರ ಕಥೆಯಿಂದ ನಿರ್ಧಾರವಾಗುತ್ತಿರಲಿಲ್ಲ. ಹಾಡು ಮತ್ತು ಎದುರಾಟ ಎಲ್ಲಿ ಒಟ್ಟುಗೂಡುತ್ತವೆಯೋ, ‘ಒನ್ಸ್ ಮೋರ್’ ಎಲ್ಲಿ ಬೀಳುತ್ತದೆಯೋ, ಅಲ್ಲಿ ಅದು ನೆಲೆಗೊಳ್ಳುತ್ತಿತ್ತು. ಇದನ್ನು ಎಲ್ಲ ಕಂಪನಿ ನಾಟಕಗಳಿಗೂ ಹಚ್ಚುವ ಇರಾದೆ ನನಗಿಲ್ಲ. ಭಕ್ತಿಪ್ರಧಾನ ನಾಟಕಗಳಲ್ಲಿ ಕಥೆಯ ನಾಯಕನೇ ರಂಗದ ನಾಯಕನೂ ಆಗಿರುವುದು ಹೆಚ್ಚು. ಸಾಮಾಜಿಕ ನಾಟಕಗಳ ಮಾತು ಬೇರೆಯೇ. ಇನ್ನೊಂದು ಎಚ್ಚರಿಕೆ: ಕಂಪನಿ ನಾಟಕದ ಪಠ್ಯ ಕಲ್ಲಿನ ಮೇಲಿನ ಬರಹವಾಗಿರಲಿಲ್ಲ. ಕ್ಯಾಂಪಿನಿಂದ ಕ್ಯಾಂಪಿಗೆ ಹಾಡು ಸೇರುತ್ತಿತ್ತು, ಬಿದ್ದುಹೋಗುತ್ತಿತ್ತು. ‘ಸದಾರಮೆ’ ಎಂದು ನಾವು ಕರೆಯುವುದು ಒಂದು ನಾಟಕವನ್ನೋ ಒಂದು ಕುಟುಂಬವನ್ನೋ ಎಂಬ ಅನುಮಾನ ಇಟ್ಟುಕೊಂಡೇ ಮೇಲಿನ ಮಾತನ್ನು ಓದಬೇಕು.

ಈ ಹೇಳಿಕೆಗೆ ಒಂದು ಪರೀಕ್ಷೆ ಬೇಕಲ್ಲ? ಯಜಮಾನನಿಲ್ಲದ, ವಂಶದ ನೆನಪಿಲ್ಲದ, ಒಬ್ಬ ಮಹಾನಟನ ನೆರಳು ಬೀಳದ ಕಡೆ ಜನ ಪಾತ್ರಗಳಿಗೆ ಯಾವ ಬೆಲೆ ಕಟ್ಟುತ್ತಾರೆ ಎಂದು ನೋಡಬೇಕು. ಬೆಲೆ ಕಟ್ಟುವುದು ಎಂಬುದನ್ನು ಅಲಂಕಾರವಾಗಿ ಹೇಳುತ್ತಿಲ್ಲ.

ಅಂಥ ಕಡೆ ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ಸಿಗುತ್ತದೆ. ನಗರ ಬೆಳೆದು ಹಳ್ಳಿಗಳನ್ನು ಬಡಾವಣೆ ಮಾಡುವ ಮುಂಚೆ ಈ ಊರುಗಳಲ್ಲಿ ಹಬ್ಬ-ಜಾತ್ರೆಗೆ ಪೌರಾಣಿಕ ನಾಟಕ ಕಟ್ಟುವುದು ರೂಢಿಯಾಗಿತ್ತು. ಗ್ರಾಮಾಂತರದಲ್ಲಿ, ತುಮಕೂರು, ಮಂಡ್ಯ ಸೀಮೆಗಳಲ್ಲಿ ಅದು ಇಂದಿಗೂ ನಡೆದಿದೆ. ನಗರಕ್ಕೆ ಬಂದು ನೆಲೆಸಿದವರು ರವೀಂದ್ರ ಕಲಾಕ್ಷೇತ್ರ ಗೊತ್ತುಮಾಡಿ ಆಡುವುದೂ ಉಂಟು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಸೀನರಿ, ಬಾಡಿಗೆ ಉಡುಪು, ಪಾತ್ರಕ್ಕೆ ಹೊರಗಿನಿಂದ ಕರೆಸುವ ನಟಿಯರ ಸಂಭಾವನೆ, ಇಷ್ಟಕ್ಕೂ ದುಡ್ಡು ಬರುವುದು ಪಾತ್ರಧಾರಿಗಳ ಜೇಬಿನಿಂದ. ಪಾತ್ರ ಬೇಕಾದವನು ದುಡ್ಡು ಕಟ್ಟುತ್ತಾನೆ. ಎಲ್ಲ ಪಾತ್ರಕ್ಕೂ ಒಂದೇ ದರವಿಲ್ಲ.

ಈ ಪದ್ಧತಿಯನ್ನು ನಮ್ಮ ರಂಗವಿಮರ್ಶೆ ಮೂಗು ಮುರಿದೇ ನೋಡಿದೆ. ದುಡ್ಡಿದ್ದವನಿಗೆ ಕಿರೀಟ ಎಂದು ಹೀಯಾಳಿಸಿದೆ. ಹೀಯಾಳಿಕೆಯಲ್ಲಿ ನಿಜವಿಲ್ಲದಿಲ್ಲ. ಆದರೆ ಸಂಶೋಧಕನಿಗೆ ಇದೊಂದು ಸಿಕ್ಕಿದ ನಿಧಿ, ಏಕೆಂದರೆ ತನ್ನ ದುಡ್ಡು ಹಾಕುವವನು ಸುಳ್ಳು ಬೆಲೆ ಕಟ್ಟುವುದಿಲ್ಲ. ‘ಕುರುಕ್ಷೇತ್ರ’ದಲ್ಲಿ ಹೆಚ್ಚು ದರದ ಪಾತ್ರಗಳೆಂದರೆ ಕೃಷ್ಣ ಮತ್ತು ದುರ್ಯೋಧನ. ಯುದ್ಧ ಗೆದ್ದು ಪಟ್ಟವೇರುವ ಧರ್ಮರಾಯ ಅಗ್ಗ. ಗೀತೆ ಕೇಳಿಸಿಕೊಂಡ ಅರ್ಜುನನೂ ದುರ್ಯೋಧನನ ಸಮಕ್ಕೆ ಬರುವುದಿಲ್ಲ. ಸೋಲುವವನೇ ತುಟ್ಟಿ, ಗೆಲ್ಲುವವನೇ ಅಗ್ಗ! ಕಾರಣ ಹಳ್ಳಿಯವರನ್ನು ಕೇಳಿದರೆ ಥಟ್ಟನೆ ಹೇಳುತ್ತಾರೆ: ದುರ್ಯೋಧನನಿಗೆ ಕಂದಪದ್ಯ ಜಾಸ್ತಿ, ಎದುರಾಟ ಜಾಸ್ತಿ. 1934ರಲ್ಲಿ ಗುಬ್ಬಿ ಕಂಪನಿ ಆನೆ-ಕುದುರೆಗಳೊಡನೆ ಆಡಿ ಹೆಸರು ಮಾಡಿದ ‘ಕುರುಕ್ಷೇತ್ರ’ದ ನೆನಪು ಈ ದರಪಟ್ಟಿಯ ಹಿಂದೆ ಸ್ವಲ್ಪವಾದರೂ ಇದ್ದೀತು. ಆದರೆ ಆನೆ-ಕುದುರೆ ಇಲ್ಲದ ಹಳ್ಳಿಯ ಚಪ್ಪರದಲ್ಲಿ ದರವನ್ನು ಹಿಡಿದು ನಿಲ್ಲಿಸಿರುವುದು ಪದ್ಯವೇ.

ಇನ್ನೂ ಕುತೂಹಲದ್ದು ಕರಪತ್ರಗಳಲ್ಲಿ ಕಾಣುವ ‘ಒಂದನೇ ಕೃಷ್ಣ’, ‘ಎರಡನೇ ಕೃಷ್ಣ’ ಎಂಬ ನಮೂದು. ಒಂದೇ ಪಾತ್ರವನ್ನು ದೃಶ್ಯಗಳ ಲೆಕ್ಕದಲ್ಲಿ ಇಬ್ಬರಿಗೋ ಮೂವರಿಗೋ ಹಂಚುತ್ತಾರೆ. ಸಂಧಾನಕ್ಕೆ ಹೋದ ಕೃಷ್ಣ ಒಬ್ಬ, ರಥ ಹೊಡೆಯುವ ಕೃಷ್ಣ ಇನ್ನೊಬ್ಬ. ದುಡ್ಡು ಹೆಚ್ಚು ಕೂಡಲಿ ಎಂಬ ಉಪಾಯ ಇದು ಎನ್ನುವುದು ನಿಜ. ಅದರ ಜೊತೆಗೆ ಬೆಳಗಿನವರೆಗೆ ಒಂದೇ ಗಂಟಲು ಬಾಳಿಕೆ ಬರುವುದಿಲ್ಲ ಎಂಬ ಮೇಷ್ಟ್ರ ಲೆಕ್ಕವೂ ಇದೆ. ಮುಖ ಬದಲಾದರೂ ಪ್ರೇಕ್ಷಕರು ಕಂಗೆಡುವುದಿಲ್ಲ ಎಂಬುದನ್ನು ಗಮನಿಸಬೇಕು. ಪಾತ್ರವೆಂದರೆ ಅವರಿಗೆ ಆದ್ಯಂತ ಬೆಳೆಯುವ ಒಬ್ಬ ವ್ಯಕ್ತಿಯಲ್ಲ, ಒಂದರ ಹಿಂದೊಂದು ಬರುವ ಹಾಡಿನ ಸಂದರ್ಭಗಳ ಮಾಲೆ. ಹಾಗಿರುವಾಗ ‘ಮುಖ್ಯಪಾತ್ರ’ ಎಂದು ನಾವು ಹುಡುಕುತ್ತಿರುವುದು ಮುಖ್ಯ ಸಂದರ್ಭವನ್ನು. ‘ಸದಾರಮೆ’ಯಲ್ಲಿ ಆ ಸಂದರ್ಭ ಕಳ್ಳನದು.

ಕಂಪನಿಗೂ ಹಳ್ಳಿಯ ಹವ್ಯಾಸಿಗಳಿಗೂ ನೇರ ಸಮೀಕರಣ ಹೂಡಬಾರದು ಎಂದು ಓದುಗರು ಆಕ್ಷೇಪಿಸಬಹುದು. ಒಬ್ಬರದು ಹೊಟ್ಟೆಪಾಡು, ಇನ್ನೊಬ್ಬರದು ಕೈಯಿಂದ ಕಳೆಯುವ ಹವ್ಯಾಸ. ಒಪ್ಪುತ್ತೇನೆ. ಆದರೆ ದುಡ್ಡಿನ ಹರಿವು ತಿರುಗುಮುರುಗಾಗಿದ್ದರೂ ಎರಡು ಕಡೆಯೂ ಬೆಲೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ ಎಂಬುದೇ ನನಗೆ ಮಹತ್ವದ್ದಾಗಿ ಕಾಣುತ್ತದೆ.

ಈಗ ಜಯಶ್ರೀಯವರ ‘ಸದಾರಮೆ’ಗೆ ಬರೋಣ. ಅಲ್ಲಿ ವೀರಣ್ಣನವರ ಮೊಮ್ಮಗಳಾದ ಅವರು ತಾತನ ಕಳ್ಳನ ಪಾತ್ರವನ್ನು ತಾವೇ ಎತ್ತಿಕೊಂಡರು. ಇದನ್ನು ಮೊಮ್ಮಗಳ ಮಮತೆ ಎಂದು ಓದುವುದು ಸುಲಭ. ಮಮತೆ ಇರಲಿಲ್ಲವೆಂದು ನಾನೂ ಹೇಳಲಾರೆ. ಆದರೆ ಹಾಡಬಲ್ಲ, ನಿರ್ದೇಶಿಸಬಲ್ಲ ನಟಿಯೊಬ್ಬಳು ನಾಯಕಿಯ ಹೆಸರಿನದೇ ನಾಟಕದಲ್ಲಿ ನಾಯಕಿಯನ್ನು ಬಿಟ್ಟು ಕಳ್ಳನನ್ನು ಹಿಡಿದದ್ದರಲ್ಲಿ ನಾಟಕದ ಕಟ್ಟಿನ ಅರಿವೂ ಇದೆ. ಹೆಣ್ಣು ಗಂಡುಪಾತ್ರ ಮಾಡುವುದು ನಮ್ಮಲ್ಲಿ ಹೊಸದೇನಲ್ಲ. ಆರ್. ನಾಗರತ್ನಮ್ಮನವರು 1958ರಲ್ಲಿ ಮೈಸೂರಿನಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಗಂಡುಪಾತ್ರಗಳೆಲ್ಲ ಹೆಂಗಸರವೇ. ಅವರು ಸ್ವತಃ ಕಂಸ, ದುರ್ಯೋಧನರಾಗಿ ಗರ್ಜಿಸಿದವರು. ಅವರೂ ಆರಿಸಿಕೊಂಡದ್ದು ಎದುರಾಳಿಯ ಪಾತ್ರಗಳನ್ನು ಎಂಬುದನ್ನು ಹಾಗೆಯೇ ದಾಖಲಿಸಿ ಮುಂದೆ ಹೋಗುತ್ತೇನೆ.

ಇದರಿಂದ ಹಂಚಿಕೆಯ ಕೆಲಸಕ್ಕೆ ಏನು ಬಂತು? ಕಳ್ಳನಿಗೆ ಪಾತ್ರಧಾರಿಯನ್ನು ಮೊದಲು ಗೊತ್ತುಮಾಡಿ, ಅವನ ಶ್ರುತಿಗೆ ಒಗ್ಗುವ ಸದಾರಮೆಯನ್ನು ಆಮೇಲೆ ಹುಡುಕಬೇಕು. ಶ್ರುತಿಯ ಮಾತು ಚಿಕ್ಕದಲ್ಲ. ಗಂಡಸು ಒಂದು ಒಂದೂವರೆ ಮನೆಯಲ್ಲಿ, ಹೆಂಗಸು ಐದರ ಆಸುಪಾಸಿನಲ್ಲಿ ಹಾಡುವುದು ಈಗಿನ ರೂಢಿ. ಒಂದೇ ದೃಶ್ಯದಲ್ಲಿ ಇಬ್ಬರೂ ಸವಾಲು-ಜವಾಬು ಹಾಡಬೇಕಾದರೆ ಒಬ್ಬರ ಗಂಟಲು ಕಟ್ಟುತ್ತದೆ, ಇಲ್ಲವೆ ಹಾರ್ಮೋನಿಯಂ ಮೇಷ್ಟ್ರು ಪ್ರತಿ ಪದ್ಯಕ್ಕೂ ಆಧಾರಷಡ್ಜ ಬದಲಿಸಬೇಕು. ಗಂಡಸರೇ ಸ್ತ್ರೀಪಾತ್ರ ಮಾಡುತ್ತಿದ್ದ, ಮೈಕಿಲ್ಲದ ಕಾಲದಲ್ಲಿ ಎಲ್ಲರೂ ಏರುಶ್ರುತಿಯಲ್ಲೇ ಹಾಡುತ್ತಿದ್ದುದರಿಂದ ಈ ಅಂತರ ಇಷ್ಟು ಕಾಡುತ್ತಿರಲಿಲ್ಲ. ಜಯಶ್ರೀಯವರಂಥ ನಟಿ ಕಳ್ಳನಾದಾಗ ಆ ಅಂತರ ಇನ್ನೊಂದು ದಾರಿಯಿಂದ ಕರಗುತ್ತದೆ. ಮುನ್ನೂರು ಚಿಲ್ಲರೆ ಕುರ್ಚಿಗಳ, ಬೆಂಗಳೂರಿನ ರಂಗಶಂಕರದಂಥ ನಾಟಕಮಂದಿರದಲ್ಲಿ ಕೊನೆಯ ಸಾಲಿಗೂ ಬರಿಗಂಟಲು ಕೇಳುವುದರಿಂದ ಶ್ರುತಿಯ ಸಣ್ಣ ಒಡಕನ್ನೂ ಮುಚ್ಚಿಡಲಾಗದು.

ಇತ್ಯರ್ಥವಾಗದೆ ಉಳಿದದ್ದು ಜಯವೀರನ ಸಂಗತಿ. ರಂಗದ ಜೋಡಿಯಿಂದ ಅವನನ್ನು ಹೊರಗಿಟ್ಟರೆ ಅವನ ಹಾಡುಗಳಿಗೆ ಏನು ಮಾಡುವುದು? ರಾತ್ರಿಯಿಡೀ ಆಡುತ್ತಿದ್ದ ನಾಟಕವನ್ನು ಎರಡು-ಎರಡೂವರೆ ಗಂಟೆಗೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಅವಕ್ಕೇ ಎಂಬುದು ನನ್ನ ಊಹೆ. ಕಂಪನಿಗಳು ಕ್ಯಾಂಪುಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ಸಾಲಾಗಿ ಜೋಡಿಸಿ, ಯಾವ ಪಾತ್ರದ ಹಾಡು ಯಾವಾಗ ಉದುರಿತೆಂದು ನೋಡಿದರೆ ಊಹೆ ನಿಲ್ಲುತ್ತದೋ ಬೀಳುತ್ತದೋ ತಿಳಿದೀತು. ಜಯವೀರನ ಹಾಡುಗಳು ಕೊನೆಯವರೆಗೂ ಉಳಿದುಕೊಂಡಿದ್ದರೆ ಈ ಲೇಖನದ ನಡುಭಾಗವನ್ನು ನಾನೇ ತಿದ್ದಬೇಕಾಗುತ್ತದೆ.