ಹಳೆಯ ನಾಣ್ಯಕ್ಕೆ ಬೆಲೆ ಕಟ್ಟುವ ಬಗೆ

ಹಳೆಯ ನಾಣ್ಯವೊಂದು ಕೈಗೆ ಬಂದೊಡನೆ ನಮ್ಮಲ್ಲಿ ಏಳುವ ಮೊದಲನೆಯ ಪ್ರಶ್ನೆ ಅದರ ಬೆಲೆ ಎಷ್ಟು ಎಂಬುದು. ಈ ಪ್ರಶ್ನೆ ಹೊಸದಲ್ಲ. ನಮ್ಮ ಪೇಟೆಗಳಲ್ಲಿ ಚಿನಿವಾರನ ಕಸುಬು ನಡೆದುದೇ ಇದಕ್ಕೆ ಉತ್ತರ ಕೊಡುವುದಕ್ಕಾಗಿ. ವರಹಗಳೂ ಹಣಗಳೂ ನಾನಾ ದೊರೆಗಳ ರೂಪಾಯಿಗಳೂ ಒಂದೇ ಸಂತೆಯಲ್ಲಿ ಕಲೆತು ಸಲ್ಲುತ್ತಿದ್ದ ಕಾಲದಲ್ಲಿ, ಅವನು ನಾಣ್ಯವನ್ನು ತಕ್ಕಡಿಗೆ ಹಾಕಿ, ಒರೆಗಲ್ಲಿಗೆ ಉಜ್ಜಿ, ಕಲ್ಲಿನ ಮೇಲೆ ಬೀಳಿಸಿ ನಾದವನ್ನು ಕೇಳಿ, ಇದು ಇಷ್ಟಕ್ಕೆ ಸಲ್ಲುತ್ತದೆ ಎಂದು ಹೇಳಿಬಿಡುತ್ತಿದ್ದನು. ಸವೆದುದಕ್ಕೆ ವಟ್ಟ ಹಿಡಿಯುತ್ತಿದ್ದನು. ಅವನ ಪಾಲಿಗೆ ನಾಣ್ಯವೆಂದರೆ ಲೋಹ. ಅದರ ಮೇಲಿನ ಮುದ್ರೆ ಆ ಲೋಹಕ್ಕೆ ಜಾಮೀನು, ಅಷ್ಟೆ.

ಚಿನಿವಾರನ ಈ ಲೆಕ್ಕ ಎಲ್ಲಿ ಸೋಲುತ್ತದೆಂಬುದನ್ನು ಅಮೆರಿಕ ದೇಶದ ಒಂದು ಬೆಳ್ಳಿಯ ನಾಣ್ಯದಿಂದ ತಿಳಿಯಬಹುದು. ಆ ದೇಶದವರು ೧೭೯೨ ರಲ್ಲಿ ಕಾಯಿದೆ ಮಾಡಿ ಟಂಕಸಾಲೆಯನ್ನು ಸ್ಥಾಪಿಸಿದರು. ಅಲ್ಲಿಂದ ೧೭೯೪ ರ ಅಕ್ಟೋಬರಿನಲ್ಲಿ ಹೊರಬಿದ್ದ ಮೊದಲನೆಯ ಬೆಳ್ಳಿಯ ಡಾಲರುಗಳು ೧,೭೫೮ ಮಾತ್ರ. ಒಂದೊಂದರಲ್ಲಿಯೂ ಇರುವ ಶುದ್ಧ ಬೆಳ್ಳಿ ಸುಮಾರು ೨೪ ಗ್ರಾಂ. ಅವುಗಳಲ್ಲೊಂದು ೨೦೧೩ ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ ಡಾಲರಿಗೂ ಮೀರಿದ ಬೆಲೆಗೆ ಹೋಯಿತು. ಬೆಳ್ಳಿಗಾಗಿ ಯಾರೂ ಇಷ್ಟು ಹಣ ಕೊಡರು. ಹಾಗಾದರೆ ಕೊಟ್ಟುದು ಯಾವುದಕ್ಕೆ?

ವಿರಳತೆಗೆ ಎಂದು ಹೇಳಿದರೆ ಅರ್ಧ ಉತ್ತರವಾಯಿತು. ಉಳಿದರ್ಧ ನಾಣ್ಯದ ಸ್ಥಿತಿ. ಸ್ಥಿತಿಯನ್ನು ಅಂಕದಲ್ಲಿ ಹೇಳುವ ಕ್ರಮವನ್ನು ವಿಲಿಯಂ ಶೆಲ್ಡನ್ ಎಂಬವರು ೧೯೪೯ ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ಏರ್ಪಡಿಸಿದರು. ಇದು ಇಂಥ ನಾಣ್ಯವೆಂದು ಗುರುತಿಸಲು ಮಾತ್ರವೇ ಸಾಧ್ಯವಾದುದಕ್ಕೆ ಒಂದು ಅಂಕ. ಕುಂದೇ ಇಲ್ಲದುದಕ್ಕೆ ೭೦. ಕೈಯಿಂದ ಕೈಗೆ ಸಾಗದೆ ಉಳಿದುದು ೬೦ ರಿಂದ ಮೇಲೆ. ಈ ಕ್ರಮವೇ ಮುಂದೆ ಬೆಳ್ಳಿಬಂಗಾರಗಳ ನಾಣ್ಯಗಳಿಗೂ ಹಬ್ಬಿತು.

ಅಂಕ ಕೊಡುವುದು ಮಾತ್ರ ಸುಲಭವಲ್ಲ. ಸವೆತವು ಮೊದಲು ಕಾಣುವುದು ಉಬ್ಬಿದ ಭಾಗಗಳಲ್ಲಿ: ಆ ಡಾಲರಿನಲ್ಲಾದರೆ ಸ್ವಾತಂತ್ರ್ಯದೇವಿಯ ಕೂದಲಿನಲ್ಲಿ, ಹಿಂಬದಿಯ ಗರುಡನ ಎದೆಯಲ್ಲಿ. ಆದರೆ ಅಲ್ಲಿ ಗೆರೆಗಳು ಮಾಸಿದ್ದರೆ ಅದು ಸವೆತವೇ ಎಂದು ತೀರ್ಮಾನಿಸುವಂತಿಲ್ಲ. ಅಂದಿನ ಟಂಕಸಾಲೆಯ ಯಂತ್ರಕ್ಕೆ ಇಷ್ಟು ದೊಡ್ಡ ಬಿಲ್ಲೆಯನ್ನು ಗಟ್ಟಿಯಾಗಿ ಒತ್ತುವ ಬಲವಿರಲಿಲ್ಲ. ಗೆರೆ ಮೂಡದೆಯೇ ಹುಟ್ಟಿದ ನಾಣ್ಯಗಳು ಹಲವು. ಹುಟ್ಟಿನ ಕೊರತೆ ಬೇರೆ, ಬಾಳಿನ ಸವೆತ ಬೇರೆ. ಮೂಲದ ಹೊಳಪು ಮಾಸಿದ ಗೆರೆಯ ಮೇಲೆಯೂ ಉಳಿದಿದ್ದರೆ ಅದು ಹುಟ್ಟಿನ ಕೊರತೆ, ಅಳಿದಿದ್ದರೆ ಸವೆತ. ಹಾಗೆಯೇ ಕೆಲವು ಡಾಲರುಗಳ ಮೇಲೆ ಅರ ಹಾಕಿ ಉಜ್ಜಿದ ಗೀರುಗಳಿವೆ. ಇವನ್ನು ಯಾರೋ ಕೆಡಿಸಿದರೆಂದು ತಿಳಿಯಬಾರದು. ತೂಕ ಹೆಚ್ಚಾದ ಬಿಲ್ಲೆಯನ್ನು ಮುದ್ರೆಯೊತ್ತುವುದಕ್ಕೆ ಮುಂಚೆ ಟಂಕಸಾಲೆಯವರೇ ಅರದಿಂದ ಉಜ್ಜಿ ಸರಿಮಾಡಿದ ಗುರುತುಗಳು ಅವು. ೨೦೧೩ ರಲ್ಲಿ ಮಾರಿದ ಆ ನಾಣ್ಯದಲ್ಲಿಯೂ ಇಂಥ ಗೀರುಗಳಿವೆ.

ನಿಜವಾದ ಕೇಡು ಬರುವುದು ಶುಚಿಮಾಡುವ ಕೈಯಿಂದ. ನಮ್ಮ ಮನೆಗಳಲ್ಲಿ ಕಪ್ಪಾದ ಬೆಳ್ಳಿಯನ್ನು ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ವಾಡಿಕೆ. ಪೂಜೆಯ ಪಾತ್ರೆಗೆ ಅದು ಒಪ್ಪುತ್ತದೆ. ಹಳೆಯ ನಾಣ್ಯಕ್ಕೆ ಒಪ್ಪದು. ನೂರಾರು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಕೂಡಿದ ಮೇಲ್ಮೈಯ ಬಣ್ಣ ಒಮ್ಮೆ ಹೋದರೆ ಮತ್ತೆ ಬಾರದು. ತಿಕ್ಕಿ ಬೆಳಗಿದ ನಾಣ್ಯವು ಅಜ್ಞನ ಕಣ್ಣಿಗೆ ಹೊಸದಾಗಿ ತೋರಿದರೆ, ಬಲ್ಲವನ ಕಣ್ಣಿಗೆ ಕೆಟ್ಟುದಾಗಿ ತೋರುತ್ತದೆ.

ನಾಣ್ಯದ ಮೇಲಿನ ಅಕ್ಷರವನ್ನೂ ಕಣ್ಣುಮುಚ್ಚಿ ನಂಬಲಾಗದು. ೧೮೦೪ ಎಂಬ ತೇದಿಯ ಅಮೆರಿಕದ ಡಾಲರುಗಳು ಬಹು ಪ್ರಸಿದ್ಧವಾದವು. ಅವುಗಳಲ್ಲಿ ಮೊದಲಿನವು ಅಚ್ಚಾದುದು ೧೮೩೪ ರ ಸುಮಾರಿನಲ್ಲಿ. ಸಯಾಮಿನ ಅರಸನಿಗೂ ಮಸ್ಕತ್ತಿನ ಸುಲ್ತಾನನಿಗೂ ಕಾಣಿಕೆಯಾಗಿ ಒಯ್ಯುವುದಕ್ಕೆಂದು ಅವನ್ನು ಮಾಡಿಸಿದರು. ನಮ್ಮ ದೇಶದಲ್ಲಿಯೂ ಈಸ್ಟ್ ಇಂಡಿಯಾ ಕಂಪೆನಿಯವರು ಷಾ ಆಲಮ್ ಪಾದಷಹನ ಹತ್ತೊಂಬತ್ತನೆಯ ಆಳ್ವಿಕೆಯ ವರ್ಷವೆಂಬ ಒಂದೇ ಗುರುತನ್ನು ಹೊತ್ತ ರೂಪಾಯಿಗಳನ್ನು ಬಂಗಾಳದಲ್ಲಿ ಬಹುಕಾಲ ಅಚ್ಚುಹಾಕಿಸಿದರಷ್ಟೆ.

ಇಲ್ಲಿಯವರೆಗೆ ಹೇಳಿದುದು ಸಂಗ್ರಾಹಕನ ತೂಕ. ಚರಿತ್ರಕಾರನ ತೂಕ ಬೇರೆ. ೧೮೯೧ ರಲ್ಲಿ ಬೆಂಗಳೂರಿಗೆ ಸೇರಿದಂತಿರುವ ಯಶವಂತಪುರದ ಬಳಿ ರೈಲುದಾರಿಗಾಗಿ ನೆಲವನ್ನು ಅಗೆಯುವಾಗ ೧೬೩ ರೋಮನ್ ಬೆಳ್ಳಿಯ ನಾಣ್ಯಗಳು ದೊರೆತವು. ಅಗಸ್ಟಸ್, ತೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಕಾಲದವು ಅವು. ರೋಮಿನಲ್ಲಿ ಇಂಥವು ಅಪೂರ್ವವಲ್ಲ. ಸಂಗ್ರಾಹಕನು ಸಾಧಾರಣವಾದ ಅಂಕ ಕೊಟ್ಟು ಮುಂದಕ್ಕೆ ಹೋದಾನು. ಆದರೆ ಕಡಲಿನಿಂದ ಇಷ್ಟು ದೂರದ ಈ ಮೈದಾನಕ್ಕೆ ಅವು ಬಂದವೆಂಬ ಸಂಗತಿಯೇ ಒಂದು ದೊಡ್ಡ ಶಾಸನಕ್ಕೆ ಸಮಾನ. ನೀರೋ ಚಕ್ರವರ್ತಿಯು ಕ್ರಿ.ಶ. ೬೪ ರಲ್ಲಿ ನಾಣ್ಯದ ತೂಕವನ್ನೂ ಬೆಳ್ಳಿಯ ಶುದ್ಧಿಯನ್ನೂ ಇಳಿಸಿದನು. ದಕ್ಷಿಣ ದೇಶದಲ್ಲಿ ದೊರೆತ ರೋಮನ್ ಬೆಳ್ಳಿಯ ನಾಣ್ಯಗಳಲ್ಲಿ ಬಹುಪಾಲು ಅದಕ್ಕೆ ಹಿಂದಿನವು. ನಮ್ಮ ವರ್ತಕರು ಒಳ್ಳೆಯ ಬೆಳ್ಳಿಯನ್ನು ಆರಿಸಿ ಹಿಡಿಯುತ್ತಿದ್ದರೆಂದು ವಿದ್ವಾಂಸರು ಇದರಿಂದ ಊಹಿಸಿದ್ದಾರೆ. ೧೮೯೮ ರಲ್ಲಿ ಪುದುಕ್ಕೋಟೆಯ ಸೀಮೆಯಲ್ಲಿ ೫೦೧ ರೋಮನ್ ಬಂಗಾರದ ನಾಣ್ಯಗಳು ದೊರೆತವು. ಅವುಗಳಲ್ಲಿ ಬಹುಪಾಲು ನಾಣ್ಯಗಳ ಮೇಲೆ ಚಕ್ರವರ್ತಿಯ ತಲೆಗೆ ಅಡ್ಡಲಾಗಿ ಉಳಿಯ ಗಾಯವಿದೆ. ಸಂಗ್ರಾಹಕನಿಗೆ ಆ ಗಾಯವು ಕುಂದು. ಚರಿತ್ರಕಾರನಿಗಾದರೋ ಈ ನೆಲದವನೊಬ್ಬನು ಪರದೇಶದ ನಾಣ್ಯವನ್ನು ನಾಣ್ಯವಾಗಿ ಸಲ್ಲದಂತೆ ಮಾಡಿ ಬರಿಯ ಬಂಗಾರವಾಗಿ ಇರಿಸಿಕೊಂಡನೆಂಬುದಕ್ಕೆ ಸಾಕ್ಷಿ.

ಈಗ ಕುಂದಾಣದ ಮಾತಿಗೆ ಬರೋಣ. ದೇವನಹಳ್ಳಿಯ ಸಮೀಪದ ಈ ಗ್ರಾಮಕ್ಕೆ ಚರಿತ್ರೆಯಲ್ಲಿ ದೊಡ್ಡ ಹೆಸರಿದೆ. ಹದಿಮೂರನೆಯ ಶತಮಾನದ ನಡುವೆ ಹೊಯ್ಸಳ ಸೋಮೇಶ್ವರನ ರಾಜ್ಯವು ಅವನ ಇಬ್ಬರು ಮಕ್ಕಳಲ್ಲಿ ಹಂಚಿಹೋಯಿತು. ದೋರಸಮುದ್ರವು ಮೂರನೆಯ ನರಸಿಂಹನಿಗೆ ಬಂದಿತು. ತಮಿಳು ದೇಶದ ಭಾಗವೂ ಕೋಲಾರದ ಸೀಮೆಯೂ ರಾಮನಾಥನಿಗೆ ಬಂದವು. ಪಾಂಡ್ಯರ ಒತ್ತಡದಿಂದ ಶ್ರೀರಂಗದ ಬಳಿಯ ಕಣ್ಣನೂರು ಕೈತಪ್ಪಿದ ಮೇಲೆ ರಾಮನಾಥನು ಕುಂದಾಣಿಯಲ್ಲಿ ನೆಲಸಿದನು. ಶಾಸನಗಳ ಆ ಕುಂದಾಣಿ ನಮ್ಮ ಕುಂದಾಣವೇ ಎಂದು ರೈಸ್ ಅವರು ಗುರುತಿಸಿದರು. ಕೃಷ್ಣಗಿರಿಯ ಸೀಮೆಯಲ್ಲಿ ಅದೇ ಹೆಸರಿನ ಸ್ಥಳವಿದ್ದು, ರಾಜಧಾನಿಯು ಅದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಇಂಥ ವಾದದಲ್ಲಿ ನೆಲದೊಳಗಿನ ಸಾಕ್ಷಿಗೆ ಬಹಳ ಬೆಲೆಯುಂಟು.

ಹೊಯ್ಸಳರ ಬಂಗಾರದ ನಾಣ್ಯಗಳು ಗುರುತಿಸುವುದಕ್ಕೆ ಕಷ್ಟವಾದವಲ್ಲ. ವಿಷ್ಣುವರ್ಧನನು ತಲಕಾಡನ್ನು ಗೆದ್ದ ಮೇಲೆ ಹೊರಡಿಸಿದ ಗದ್ಯಾಣದ ಮೇಲೆ ಒಂದು ಬದಿಯಲ್ಲಿ ಸಿಂಹ, ಇನ್ನೊಂದು ಬದಿಯಲ್ಲಿ ಕನ್ನಡ ಲಿಪಿಯಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಬರೆಹ. ಅದರ ತೂಕ ಸುಮಾರು ೪ ಗ್ರಾಂ. ಹಣವೆಂಬುದು ಗದ್ಯಾಣದ ಹತ್ತನೆಯ ಒಂದು ಪಾಲು. ಇಂಥದೊಂದು ನಾಣ್ಯ ಒಂಟಿಯಾಗಿ ಎಲ್ಲಿ ದೊರೆತರೂ ಅದರಿಂದ ಆ ಊರು ರಾಜಧಾನಿಯೆಂದು ಸಿದ್ಧವಾಗದು; ಯಶವಂತಪುರವನ್ನು ಯಾರೂ ರೋಮೆನ್ನುವುದಿಲ್ಲವಷ್ಟೆ. ಆದರೆ ಒಂದು ಕುಡಿಕೆಯ ನಾಣ್ಯಗಳೆಲ್ಲ ಒಟ್ಟಿಗೆ ಉಳಿದಿದ್ದರೆ, ಅವುಗಳಲ್ಲಿ ಅತ್ಯಂತ ಈಚಿನದು ಯಾವುದೋ ಅದಕ್ಕಿಂತ ಮುಂಚೆ ಕುಡಿಕೆಯನ್ನು ಹೂತಿಲ್ಲವೆಂಬುದು ನಿಶ್ಚಯವಾಗುತ್ತದೆ. ಅದೇ ಮಣ್ಣಿನ ಪದರದ ಮಡಕೆಯ ಚೂರುಗಳೂ ಗೋಡೆಯ ತಳಪಾಯವೂ ಅದಕ್ಕೆ ಜೊತೆಗೂಡಿದರೆ ಊರಿನ ಚರಿತ್ರೆ ಮೂಡುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ೧೯೨೯ ರಲ್ಲಿ ಎಂ. ಎಚ್. ಕೃಷ್ಣ ಅವರೂ ೧೯೪೭ ರಲ್ಲಿ ವ್ಹೀಲರ್ ಅವರೂ ಅಗೆದು ನೋಡಿದಾಗ, ಶಾತವಾಹನರ ನಾಣ್ಯಗಳೂ ರೋಮನ್ ನಾಣ್ಯಗಳೂ ತಮ್ಮ ಸ್ಥಳದಲ್ಲಿಯೇ ಇದ್ದುದರಿಂದಲೇ ಅಷ್ಟು ಮಾತಾಡಿದವು.

ದೇವನಹಳ್ಳಿಯಲ್ಲಿ ೨೦೦೮ ರಲ್ಲಿ ವಿಮಾನನಿಲ್ದಾಣ ತೆರೆದಂದಿನಿಂದ ಆ ಸುತ್ತಿನ ಹೊಲಗಳು ನಿವೇಶನಗಳಾಗುತ್ತಿವೆ. ರೈತನ ನೇಗಿಲು ಗೇಣುದ್ದ ಕೆದಕುತ್ತಿದ್ದ ನೆಲವನ್ನು ಯಂತ್ರಗಳು ಆಳುದ್ದ ಅಗೆಯುತ್ತಿವೆ. ಅಲ್ಲಿ ಕುಡಿಕೆಯೊಂದು ಒಡೆದರೆ ಮುಂದೇನಾಗುವುದು ಎಂಬುದರ ಮೇಲೆ ಎಷ್ಟೋ ನಿಂತಿದೆ. ಆಳುಗಳು ಹಂಚಿಕೊಂಡು ಅಕ್ಕಸಾಲೆಯ ಮೂಸೆಗೆ ಹಾಕಿದರೆ ದೊರೆಯುವುದು ಕೆಲವು ಗ್ರಾಂ ಬಂಗಾರದ ಬೆಲೆ. ಗುಟ್ಟಾಗಿ ಮಾರಿದರೆ ನಾಣ್ಯ ಉಳಿದೀತು, ಆದರೆ ಅದರ ಊರು ಅಳಿದೀತು. ೧೮೭೮ ರ ಭಾರತೀಯ ನಿಧಿ ಕಾಯಿದೆಯೂ ೧೯೬೨ ರ ನಮ್ಮ ರಾಜ್ಯದ ಕಾಯಿದೆಯೂ, ನಿಧಿ ಕಂಡವನು ಸರ್ಕಾರಕ್ಕೆ ತಿಳಿಸಬೇಕೆಂದು ವಿಧಿಸಿವೆ. ದಂಡದ ಭಯದಿಂದ ಮಾತ್ರವೇ ಇದನ್ನು ಪಾಲಿಸಬೇಕಾಗಿಲ್ಲ. ತೊಳೆಯದೆ, ಹಂಚದೆ, ಸಿಕ್ಕಿದ ಜಾಗವನ್ನು ಗುರುತಿಟ್ಟುಕೊಂಡು ಒಪ್ಪಿಸಿದ ಒಂದು ಕುಡಿಕೆಯು, ಏಳು ನೂರು ವರ್ಷಗಳ ಹಿಂದೆ ರಾಮನಾಥನು ಎಲ್ಲಿ ಆಳಿದನೆಂಬ ವಾದದಲ್ಲಿ ಕುಂದಾಣದ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ನುಡಿಯಬಹುದು. ಆ ನುಡಿಗೆ ಚಿನಿವಾರನ ತಕ್ಕಡಿಯಲ್ಲಿ ತೂಕವಿಲ್ಲ, ಎಪ್ಪತ್ತು ಅಂಕಗಳ ಪಟ್ಟಿಯಲ್ಲಿ ಸ್ಥಾನವಿಲ್ಲ. ನಮಗೆ ಬೇಕಾದುದು ಮಾತ್ರ ಅದೇ.